ಭಾವನ ಎರಡು ಸೀಟಿನ ಆಸೆ

ಹಾಸನದಲ್ಲಿ ಕಾರು ಟಿಂಕರಿಂಗ್ ಶೆಡ್ ಇಟ್ಟುಕೊಂಡವನ ಬೆನ್ನಿಗೆ ನೆಲ ತಪ್ಪಿದ್ದಲ್ಲ, ಇಂಥ ಪ್ರಸಂಗಗಳೂ ತಪ್ಪಿದ್ದಲ್ಲ. ಹಳೆ ಕಾರು ಕೊಳ್ಳುವವರೆಲ್ಲ "ಒಂದ್ಸಲ ಅಡೀಲಿ ನೋಡ್ಬುಡಿ ಸಾ" ಎಂದು ನನ್ನನ್ನು ಎಳೆದುಕೊಂಡು ಹೋಗುತ್ತಾರೆ. ನಾನು ಟಾರ್ಚು, ಸ್ಕ್ರೂಡ್ರೈವರು, ಅಯಸ್ಕಾಂತ ಹಿಡಿದು ಕಾರಿನ ಕೆಳಗೆ ತೂರಿ, ಚಾಸಿಗೆ, ಅಂದರೆ ಇಡೀ ಕಾರನ್ನು ಹೊತ್ತ ಕಬ್ಬಿಣದ ಚೌಕಟ್ಟಿಗೆ, ತುಕ್ಕು ಹಿಡಿದಿದೆಯೋ ಎಂದು ಕುಟ್ಟಿ ನೋಡುತ್ತೇನೆ. ಮೇಲೆ ಫಳಫಳ ಅಂದಷ್ಟೂ ನನಗೆ ಅನುಮಾನ ಜಾಸ್ತಿ. ಮನುಷ್ಯರ ವಿಷಯದಲ್ಲೂ ನನ್ನದು ಇದೇ ಬುದ್ಧಿ. ಆದರೆ ಭಾವನ ಜೊತೆ ಸುತ್ತಿದಷ್ಟು ಯಾರ ಜೊತೆಯೂ ಸುತ್ತಿಲ್ಲ.

ಭಾವ ಬಸ್ ಡ್ರೈವರ್. ಕಣ್ಣಿನ ನರ ಒಣಗುತ್ತಾ ಬಂದು ಅವರನ್ನು ಬಸ್ಸಿನಿಂದ ಇಳಿಸಿದರು. ಎರಡೂ ಪಕ್ಕ ಕತ್ತಲು, ನಡುವೆ ಒಂದಿಷ್ಟು ಬೆಳಕು. ಅದೂ ಹೋಗುತ್ತದೆ, ಔಷಧಿಯಿಂದ ಸ್ವಲ್ಪ ನಿಧಾನ ಮಾಡಬಹುದು ಅಷ್ಟೇ ಎಂದರು ಡಾಕ್ಟರು. ಮನೆಗೆ ಬಂದವರೇ ಭಾವ, "ಎರಡೇ ಸೀಟಿಂದು, ಟಾಪು ಬಿಚ್ಚೋ ಅಂಥದ್ದು, ಒಂದು ಹಳೆ ಸ್ಪೋರ್ಟ್ಸ್ ಕಾರು ತಗೋಬೇಕು" ಎಂದರು.

ಅಕ್ಕ ನನ್ನನ್ನು ಅಡುಗೆಮನೆಗೆ ಕರೆದಳು. "ಬಸ್ಸಿಂದ ಇಳ್ಸಿರೋ ಕಣ್ಣಲ್ಲಿ ಅದನ್ನ ಓಡ್ಸಿ, ಯಾರನ್ನಾದ್ರೂ ಸಾಯ್ಸಿ, ತಾವೂ ಸಾಯ್ತಾರೆ ಕಣಪ್ಪ. ಯಾವ್ ಗಾಡಿ ನೋಡಿದ್ರೂ ತುಕ್ಕು ಐತೆ ಅಂದ್ಬುಡು."

ನನಗೂ ಅದೇ ಭಯ. ಆಗಲಿ ಎಂದೆ.

ಚನ್ನರಾಯಪಟ್ಟಣದ ಕಾಯಿ

ಕೊಬ್ಬರಿ ವ್ಯಾಪಾರಿಯೊಬ್ಬರ ಕೆಂಪು ಕಾರು. ಮೈ ಫೈಬರ್, ಅದಕ್ಕೆ ತುಕ್ಕಿನ ಭಯವಿಲ್ಲ. ಒಳಗಿನ ಚಾಸಿ ಮಾತ್ರ ಕಬ್ಬಿಣ. ನಾನು ಮುಂದಿನಿಂದ ತೂರಿ ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಒತ್ತಿದೆ. ಅದು ಹಿಡಿಯವರೆಗೂ ಒಳಗೆ ಹೋಯಿತು.

"ತೂತು ಮಾಡ್ಬುಟ್ರಲ್ಲಾ!" ಎಂದು ಯಜಮಾನರು ಕೂಗಿಕೊಂಡರು.

ಹಿಂಭಾಗ ಗಟ್ಟಿಯಾಗಿದೆ, ಮುಂಭಾಗ ಮಾತ್ರ ಹೀಗೇಕೆ ಎಂದು ವಿಚಾರಿಸಿದೆ. ದೃಷ್ಟಿಯಾಗದಿರಲಿ ಎಂದು ಪ್ರತಿ ಶುಕ್ರವಾರ ಅವರು ಕಾಯಿ ಒಡೆಯುತ್ತಿದ್ದರಂತೆ. ನೆಲದ ಮೇಲಲ್ಲ, ಕಾರನ್ನು ಎಳೆಯಲು ಹಗ್ಗ ಕಟ್ಟುವ ಮುಂದಿನ ಕೊಕ್ಕೆಗೇ ಕುಟ್ಟಿ. ಸ್ವಂತ ಮಂಡಿಯ ಕಾಯಿ, ಕೈ ಹಿಡಿಯುವವರು ಯಾರು? ಕಾಯಿನೀರೆಲ್ಲ ಕೊಕ್ಕೆಯಿಂದ ಚಾಸಿಯೊಳಗೆ ಇಳಿದು ಅಲ್ಲೇ ನಿಂತಿದೆ.

"ದೇವ್ರಿಗೆ ಒಡೆದಿದ್ದು ಕಣ್ರೀ, ತುಕ್ಕು ಎಂಗೆ ಇಡೀತದೆ?" ಎಂದರು.

ಭಾವ ಗಂಭೀರವಾಗಿ ಹೇಳಿದರು: "ಕಾಯಿ ದೇವ್ರಿಗೆ ಓಯ್ತು ಸಾ. ನೀರು ಚಾಸಿ ಕುಡ್ಕೊಂತು."

ಹೊಳೆನರಸೀಪುರದ ಪ್ಲಾಸ್ಟರಿಂಗ್

ಇಲ್ಲಿ ಕಾರು ಮಾರುತ್ತಿದ್ದವರು ಮನೆ ಕಟ್ಟಿಸುವ ಮೇಸ್ತ್ರಿ. ಚಾಸಿಗೆ ಹೊಸದಾಗಿ ಕಪ್ಪು ಬಣ್ಣ ಬಳಿದಿತ್ತು. ಕುಟ್ಟಿದರೆ ಗಟ್ಟಿ ಸದ್ದು. ಆದರೆ ಅಯಸ್ಕಾಂತ ಮಾತ್ರ ಅಂಟಲೊಲ್ಲದು. ಬಣ್ಣ ಕೆರೆದು ನೋಡಿದರೆ ಸಿಮೆಂಟು!

"ತೂತಿದ್ದ ಕಡೆ ಒಂದು ಕೋಟ್ ಒಡೆದಿವ್ನಿ ಸಾ. ಸುಮ್ನೆ ಬಿಟ್ಟಿಲ್ಲ, ಗೋಣಿತಾಟು ಸುತ್ತಿ ದಿನಾ ನೀರಾಕಿ ಕ್ಯೂರಿಂಗೂ ಮಾಡಿವ್ನಿ" ಎಂದರು ಮೇಸ್ತ್ರಿ, ಬಹಳ ಹೆಮ್ಮೆಯಿಂದ. ಆ ನೀರಿಗೆ ಉಳಿದ ಕಬ್ಬಿಣವೂ ಹಪ್ಪಳವಾಗಿತ್ತು.

ಭಾವ ಕಾರಿನ ಸುತ್ತ ತಡವಿಕೊಂಡು ಒಂದು ಸುತ್ತು ಬಂದರು. "ಇದನ್ನ ಓಡ್ಸಕ್ಕಾಗಕಿಲ್ಲ. ಮನೆ ಅಂತ ಬಾಡಿಗೆಗೆ ಕೊಡಬೋದು."

ವಾಪಸ್ ಬರುವಾಗ ದಾರಿಯುದ್ದಕ್ಕೂ ನಗುತ್ತಿದ್ದೆವು. ನಡುವೆ ಭಾವ, "ಏನ್ಲಾ, ಇಷ್ಟ್ ಬೇಗ ಕತ್ಲಾಗೋಯ್ತು?" ಎಂದರು. ಹೊರಗೆ ಉರಿಬಿಸಿಲು. "ಮೋಡ ಕಣ ಭಾವ" ಎಂದೆ.

ಅರಕಲಗೂಡಿನ ಒಲೆ

ಮೂರನೆಯ ಸಲ ಅಕ್ಕ ತಾನೂ ಹೊರಟಳು. ನನ್ನ ಮೇಲೆ ನಂಬಿಕೆ ಇರಲಿಲ್ಲವೇನೋ.

ಗಂಡ ತೀರಿಕೊಂಡ ಹೆಂಗಸೊಬ್ಬರ ಮನೆ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಗೆ ಅಂಟಿಕೊಂಡ ಕೋಣೆಯಲ್ಲಿ ಇನ್ನೊಂದು ಕೆಂಪು ಕಾರು ನಿಂತಿತ್ತು. ಟೈರು, ರಬ್ಬರು, ಸೀಟು ಎಲ್ಲ ಸುಕ್ಕು. ಕೆಳಗೆ ತೂರಿ ಕುಟ್ಟಿದೆ. ಟಣ್ ಎಂದಿತು. ಎಲ್ಲಿ ಕುಟ್ಟಿದರೂ ಟಣ್. ಮಳೆಗಾಲವೆಲ್ಲ ಪಕ್ಕದಲ್ಲಿ ಒಲೆ ಉರಿದು, ಚಾಸಿಗೆ ತೇವವೇ ತಾಗಿರಲಿಲ್ಲ.

"ಹೊಗೆಸೊಪ್ಪು ನಮ್ಮನೇರ ಎದೆ ತಿಂದ್ಬುಡ್ತು, ಗಾಡೀನ ಕಾಪಾಡ್ತು. ನನ್ನನ್ನ ಒಂದ್ಮಾತು ಕೇಳಿದ್ರೆ ಉಲ್ಟಾ ಮಾಡು ಅಂತಿದ್ದೆ" ಎಂದರು ಆಕೆ. ನಗಬೇಕೋ ಬೇಡವೋ ತಿಳಿಯಲಿಲ್ಲ.

ಅಷ್ಟರಲ್ಲಿ ಭಾವನೂ ನನ್ನ ಪಕ್ಕ ತೂರಿಕೊಂಡು ಬಂದು ಚಾಸಿಯ ಉದ್ದಕ್ಕೂ ಕೈಯಾಡಿಸತೊಡಗಿದರು. ಹೊರಗೆ ನಾಲ್ಕು ಕಾಲು ಚಾಚಿಕೊಂಡಿದ್ದವು, ನಾಲ್ಕಕ್ಕೂ ಖಾಕಿ ಪ್ಯಾಂಟು. ಭಾವ ಮೆಲ್ಲಗೆ ಕೇಳಿದರು: "ನಿಮ್ಮಕ್ಕ ಯಾಕ್ಲಾ ನನ್ ಕಾಲಿಗೆ ಒದೀತಾವ್ಳೆ?"

ಇನ್ನು ಮುಚ್ಚಿಡಲಾಗಲಿಲ್ಲ. "ನಾನು ತುಕ್ಕು ಐತೆ ಅನ್ಲಿ ಅಂತ ಭಾವ. ನಂಗೆ ಒದೀಬೇಕಿತ್ತು, ಕಾಲು ತಪ್ಪೋಯ್ತು."

"ಅಂಗಾರೆ ಚನ್ನರಾಯಪಟ್ಣದ್ದು, ಹೊಳೆನರಸೀಪುರದ್ದು?"

"ಅವಕ್ಕೆ ನಿಜವಾಗ್ಲೂ ಇಡಿದಿತ್ತು. ಸುಳ್ಳು ಹೇಳೋ ಚಾನ್ಸು ಇವತ್ತೇ ಸಿಕ್ಕಿದ್ದು."

ಭಾವ ಚಾಸಿಯ ಮೇಲಿದ್ದ ಕೈಯನ್ನು ಎದೆಯ ಮೇಲೆ ಇಳಿಸಿಕೊಂಡರು. ಆಮೇಲೆ ಹೇಳಿದರು: "ನಾನು ಓಡಿಸ್ತೀನಿ ಅಂತ ಯಾವತ್ಲಾ ಅಂದೆ? ಬಸ್ಸಲ್ಲಿ ಅವಳು ನನ್ ಬೆನ್ನು ನೋಡ್ಕಂಡು ಬತ್ತಿದ್ಲು, ನಾನು ರೋಡು ನೋಡ್ಕಂಡು ಓಗ್ತಿದ್ದೆ. ಅವಳು ಓಡ್ಸಲಿ. ನಾನು ಪಕ್ಕದಲ್ಲಿ ಕೂತ್ಕಂಡು, ಕಾಣೋಗಂಟ ಅವಳ ಮಖ ನೋಡ್ಬೇಕು ಕಣ್ಲಾ. ಅದಕ್ಕೇ ಎರಡೇ ಸೀಟು ಅಂದಿದ್ದು."

ಹೊರಗೆ ಅಕ್ಕನ ಚಪ್ಪಲಿ ಅಲ್ಲಾಡದೆ ನಿಂತಿತ್ತು. ಮೂಗು ಸೇದಿದ ಸದ್ದಾಯಿತು. ಆಮೇಲೆ ಗದರಿದಳು: "ಇಬ್ರೂ ಎದ್ದು ಬನ್ನಿ ಈಚೆಗೆ. ಕ್ಲಚ್ಚು ಯಾವುದು ಅಂತ ತೋರ್ಸಿ."

ಶೆಟ್ಟಿಹಳ್ಳಿ ಕಡೆ

ಅರಕಲಗೂಡಿನ ಕಾರನ್ನೇ ಕೊಂಡರು. ಅಕ್ಕ ಕಾರು ಕಲಿತು ಲೈಸೆನ್ಸ್ ತೆಗೆದುಕೊಂಡಳು. ನಾನು ಟೈರು, ವೈರು ಎಲ್ಲ ಹೊಸದು ಹಾಕಿಕೊಟ್ಟೆ. ಒಂದಷ್ಟು ಕಾಲ ಭಾವ ಅವಳ ಮುಖ ನೋಡಿದರು. ಈಗ ಆ ಬೆಳಕೂ ಹೋಗಿದೆ. ಆದರೂ ಸಂಜೆಯ ಸವಾರಿ ನಿಂತಿಲ್ಲ. ಶೆಟ್ಟಿಹಳ್ಳಿ ರಸ್ತೆಯಲ್ಲಿ ಬಸ್ ಓಡಿಸಿದ ಭಾವನಿಗೆ ಅಲ್ಲಿನ ಹಂಪು, ತಿರುವು ಎಲ್ಲ ಬಾಯಿಪಾಠ. ಅಕ್ಕನಿಗೆ ದಾರಿ ಹೇಳುವವರೇ ಅವರು. ತೊಂದರೆ ಏನೆಂದರೆ, ಪ್ರತಿ ಬಸ್ ಸ್ಟಾಪಿನಲ್ಲೂ "ಸ್ಟಾಪ್ ಬಂತು, ನಿಲ್ಸು" ಅನ್ನುತ್ತಾರೆ. ಅವಳೂ ನಿಲ್ಲಿಸುತ್ತಾಳೆ.

ಮೊನ್ನೆ ನಾನು ಬೈಕಿನಲ್ಲಿ ಅವರ ಹಿಂದೆಯೇ ಇದ್ದೆ. ಸ್ಟಾಪಿನಲ್ಲಿ ಕೆಂಪು ಸ್ಪೋರ್ಟ್ಸ್ ಕಾರು ನಿಂತದ್ದೇ ತಡ, ಸೊಪ್ಪಿನ ಮಂಕರಿ ಹೊತ್ತ ಅಜ್ಜಿಯೊಬ್ಬಳು ಬಾಗಿಲಿಗೆ ಕೈ ಹಾಕಿ, "ಗೊರೂರಿಗೆ ಓಗ್ತದೇನಪ್ಪಾ?" ಎಂದಳು.

ಭಾವ ಬಸ್ಸಿನಲ್ಲಿ ದಿನಾ ಹೇಳುತ್ತಿದ್ದ ಹಾಗೆಯೇ, ತಿರುಗಿಯೂ ನೋಡದೆ ಹೇಳಿದರು: "ಸೀಟಿಲ್ಲ ಕಣಜ್ಜಿ. ನಮ್ಮಿಂದೆ ಖಾಲಿ ಬಸ್ ಬತ್ತಾ ಐತೆ, ಅದ್ರಲ್ಲಿ ಬಾ."

ಅಕ್ಕನಿಗೆ ರೇಗಿತು. "ಇಂದೆ ಬಸ್ ಬರೋದು ನಿಮ್ಗೆ ಕಾಣ್ತದೇನ್ರೀ?"

"ಕಣ್ಣಿದ್ದಾಗ್ಲೂ ಆ ಬಸ್ ನಂಗೆ ಯಾವತ್ತೂ ಕಂಡಿಲ್ಲ ಕಣೇ. ನೀನು ಗೇರ್ ಹಾಕು."