ತೆಂಗಿನಕಾಯಿ ನುಸುಳದ ಕಾರು

ಬಾಡಿಗೆ ಕಾರು ಓಡಿಸುವವನಿಗೆ ನಗೆಪಾಟಲು ತಪ್ಪಿದ್ದಲ್ಲ. ಎಂಜಿನ್ ಕೆಟ್ಟರೆ ಜನ ಒಂದು ದಿನ ನಗುತ್ತಾರೆ, ಸಾಹುಕಾರರ ಮಗನ ತಲೆ ಕೆಟ್ಟರೆ ವರ್ಷವಿಡೀ ನಗುತ್ತಾರೆ. ಎಪ್ಪತ್ತರ ದಶಕದಲ್ಲಿ ನಾನು ಹೊಸದುರ್ಗದ ಒಬ್ಬ ತೆಂಗಿನ ತೋಟದ ಸಾಹುಕಾರರ ಕರಿ ಕಾರು ಓಡಿಸುತ್ತಿದ್ದೆ. ನಮ್ಮದು ತುರುವನೂರು ಕಡೆಯ ಕುರಿ ಕಾಯುವ ಮನೆತನ. ಕೋಲು ಬಿಟ್ಟು ಸ್ಟೇರಿಂಗ್ ಹಿಡಿದವನು ನಮ್ಮ ವಂಶದಲ್ಲಿ ನಾನೊಬ್ಬನೇ. ಹುಡುಗ ಡ್ರೈವರ್ ಅಂತ ಒಂದು ಒಳ್ಳೆ ಮನೆಯವರು ಹೆಣ್ಣು ಕೊಡಲೂ ಒಪ್ಪಿದ್ದರು. ಆಗಲೇ ಈ ಶನಿ ಹೆಗಲೇರಿದ್ದು.

ಕಾರು ಕೂತದ್ದು

ಸಾಹುಕಾರರ ಮಗ ಜಿಲ್ಲಾ ಕೇಂದ್ರ ದುರ್ಗದಲ್ಲಿ ಕಾಲೇಜಿಗೆ ಹೋಗುತ್ತಿದ್ದ. ಓದುವುದಕ್ಕಿಂತ ಟಾಕೀಸಿನಲ್ಲಿ ಕೂತದ್ದೇ ಹೆಚ್ಚು. ಅಲ್ಲಿ ಯಾವುದೋ ಸಿನಿಮಾದಲ್ಲಿ ನೆಲಕ್ಕೆ ಅಂಟಿಕೊಂಡು ಓಡುವ ಕಾರು ನೋಡಿದ್ದನಂತೆ. ನಾನು ಊರಿಗೆ ಹೋಗಿದ್ದಾಗ ನಮ್ಮ ಕಾರನ್ನು ಹೊಳಲ್ಕೆರೆಗೆ ಒಯ್ದು, ಕೆಳಗಿನ ಸ್ಪ್ರಿಂಗ್ ಪಟ್ಟಿಗಳಲ್ಲಿ ಅರ್ಧ ಬಿಚ್ಚಿಸಿಕೊಂಡು ಬಂದ. ನಾನು ಬಂದು ನೋಡಿದರೆ ಕಾರು ಬಾಣಂತಿ ಎಮ್ಮೆಯ ಹಾಗೆ ಕೂತಿದೆ.

"ಇದೇನು ಚಿಕ್ಕ ಸಾಹುಕಾರ್ರೆ, ಕಾರು ಕುಂತ್‌ಬಿಟ್ಟೈತೆ?"

"ಸ್ಟೈಲು ಕಣಲೇ. ಕುರಿ ಕಾಯೋರಿಗೆ ಗೊತ್ತಾಗಲ್ಲ."

ಅವನ ಅಪ್ಪ, ದೊಡ್ಡ ಸಾಹುಕಾರರು ಬಂದರು. ಬೈಯುತ್ತಾರೇನೋ ಅಂತ ನಾನು ಖುಷಿಯಿಂದ ಕಾದೆ. ಅವರು ಕುಳ್ಳಗೆ, ದಪ್ಪಗಿದ್ದರು. ಬಾಗಿಲು ತೆಗೆದು ಸಲೀಸಾಗಿ ಒಳಗೆ ಕೂತು, "ಹತ್ತೋಕೆ ಸಲೀಸಾತು ಬಿಡು" ಅಂದರು. ಇಳಿಸಲು ಮಾತ್ರ ತೋಟದ ಇಬ್ಬರು ಆಳುಗಳು ಬಂದು ಕೈ ಹಿಡಿದು ಎಳೆಯಬೇಕಾಯಿತು.

ಗಂಡು ಮುಂದೆ, ಕಾರು ಹಿಂದೆ

ಆಮೇಲೆ ಹಿರಿಯೂರಿಗೆ ಮದುವೆ ಗಂಡನ್ನು ಕರೆದೊಯ್ಯುವ ಬಾಡಿಗೆ ಬಂತು. ದಾರಿಯ ತುಂಬಾ ಮೋರಿ. ಪ್ರತಿ ಮೋರಿಗೂ ಕಾರಿನ ಹೊಟ್ಟೆ ಕಲ್ಲಿಗೆ ಉಜ್ಜಿ ಕರಕರ ಅನ್ನುತ್ತಿತ್ತು. "ಇಳೀರಿ ಸ್ವಾಮಿ, ದಾಟಿದ ಮೇಲೆ ಹತ್ತೀರಂತೆ" ಅಂತ ನಾನು ಅನ್ನುವುದು, ಗಂಡು ಬಾಸಿಂಗ ಹಿಡಿದುಕೊಂಡು ಇಳಿಯುವುದು. ಕೊನೆಗೆ ಗಂಡಿಗೇ ಬೇಸರವಾಗಿ, "ಊರು ಕಾಣ್ತೈತಲ್ಲಪ್ಪ, ನಡದೇ ಹೋಗಾಣ" ಅಂದ.

ಗಂಡು ಧೂಳಿನಲ್ಲಿ ಮುಂದೆ ನಡೆದು ಬರುತ್ತಿದೆ, ಖಾಲಿ ಕಾರು ಹಿಂದೆ ತೆವಳುತ್ತಿದೆ. ಚಪ್ಪರದಲ್ಲಿ ಕೂತಿದ್ದ ಹೆಣ್ಣಿನ ಅಜ್ಜಿ ಎಲ್ಲರಿಗೂ ಕೇಳುವ ಹಾಗೆ ಹೇಳಿತು: "ನಮ್ಮ ಹುಡುಗೀನೂ ಇಷ್ಟು ತಲೆ ತಗ್ಗಿಸಿಲ್ಲ ಕಣ್ರೇ, ಆ ಕಾರಿಗೆ ಎಷ್ಟು ನಾಚಿಕೆ ಐತೆ ನೋಡ್ರಿ!"

ಮಚ್ಚು

ಬಾಡಿಗೆ ಕಾರನ್ನು ಬ್ರೇಕ್ ಇನ್‌ಸ್ಪೆಕ್ಟರಿಗೆ ತೋರಿಸಿ, ರಸ್ತೆಗೆ ಯೋಗ್ಯ ಅಂತ ಎಫ್.ಸಿ. ಬರೆಸಿಕೊಳ್ಳಬೇಕು. ಅದರ ಗಡುವು ಹತ್ತಿರ ಬಂತು. ಬಿಚ್ಚಿದ ಪಟ್ಟಿಗಳನ್ನು ಮತ್ತೆ ಹಾಕಿಸೋಣ ಅಂತ ಹೊಳಲ್ಕೆರೆಯ ಕುಲುಮೆಗೆ ಹೋದೆ.

ಕುಲುಮೆಯವನು ನಕ್ಕ. "ನಿಮ್ಮ ಚಿಕ್ಕ ಸಾಹುಕಾರ್ರು ಅವನ್ನ ನಂಗೇ ಮಾರಿದ್ರು. ನಾನು ಕಾಯಿಸಿ ಬಡಿದು ಮಚ್ಚು ಮಾಡ್ದೆ. ಮೊನ್ನೆ ದೊಡ್ಡ ಸಾಹುಕಾರ್ರು ಬಂದು ಚೌಕಾಸಿ ಮಾಡಿ ಅಷ್ಟೂ ತಗಂಡು ಹೋದ್ರು."

ತೋಟಕ್ಕೆ ಓಡಿದೆ. ಸಾಹುಕಾರರು ಹೊಸ ಮಚ್ಚಿನಲ್ಲಿ ಎಳನೀರು ಕೆತ್ತಿಸಿಕೊಂಡು ಕುಡಿಯುತ್ತ, "ಎಂಥಾ ಉಕ್ಕು ಅಂತೀಯ!" ಅನ್ನುತ್ತಿದ್ದರು. ವಿಷಯ ಹೇಳಿದೆ. ಮಚ್ಚನ್ನೊಮ್ಮೆ ನೋಡಿದರು, ಕಾರನ್ನೊಮ್ಮೆ ನೋಡಿದರು.

"ಹೊಸ ಪಟ್ಟಿ ಗಿಟ್ಟಿ ತರಲ್ಲ ನಾನು. ಹಂಗೇ ಎಫ್.ಸಿ. ಮಾಡಿಸ್ಕಂಡು ಬಾ. ಆಗ್ಲಿಲ್ಲ ಅಂದ್ರೆ ಕೋಲು ಹಿಡ್ಕಂಡು ಊರಿಗೆ ಹೋಗು, ಕುರಿ ಕಾಯಿ."

ಮಗನಿಗೆ ಒಂದು ಮಾತೂ ಅನ್ನಲಿಲ್ಲ. ನನಗೆ ಹೊಟ್ಟೆ ಉರಿಯಿತು. ಕೆಲಸ ಹೋದರೆ ಹೆಣ್ಣೂ ಹೋಗುತ್ತಿತ್ತು. ಹೊಟ್ಟೆ ಉರಿಗೆ ತಣ್ಣಗಿರಲಿ ಅಂತಲೋ ಏನೋ, ಅದೇ ಮಚ್ಚಿನಿಂದ ನನಗೂ ಒಂದು ಎಳನೀರು ಕೆತ್ತಿಸಿ ಕೊಟ್ಟರು.

ಸಾಹೇಬರ ಅಳತೆ

ಬ್ರೇಕ್ ಇನ್‌ಸ್ಪೆಕ್ಟರ್ ಸಾಹೇಬರ ಹೆಸರು ಬೇಡ, ಪುಣ್ಯಾತ್ಮರು. ದುರ್ಗದ ಒಂದು ಬಯಲಲ್ಲಿ ಬೇವಿನ ಮರದ ನೆರಳಿಗೆ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು. ಬಗ್ಗಿ ಕಾರಿನ ಕೆಳಗೆ ನೋಡಲು ಅವರ ಹೊಟ್ಟೆ ಬಿಡುತ್ತಿರಲಿಲ್ಲ.

ಸಾಹುಕಾರರು ಬರಿಗೈಲಿ ಹೋಗಬಾರದು ಅಂತ ಡಿಕ್ಕಿಯಲ್ಲಿ ದಪ್ಪ ದಪ್ಪ ಕಾಯಿಯ ಮೂಟೆ ಇಡಿಸಿದ್ದರು. ಸಾಹೇಬರು ಕೇಳಿದರು: "ಡಿಕ್ಕೀಲಿ ಏನೈತಯ್ಯ?"

"ಕಾಯಿ ಸಾರ್, ತಮಗೇ."

"ಒಂದು ತಗಂಡು ಆ ಕಡೆಯಿಂದ ಕಾರಿನ ಕೆಳಗೆ ಉರುಳಿಸು. ಈ ಕಡೆ ಬಂದ್ರೆ ಪಾಸು."

ಉರುಳಿಸಿದೆ. ಕಾಯಿ ನಡುವೆ ಸಿಕ್ಕಿಕೊಂಡಿತು. ಅವರಿಗೆಂದು ತಂದ ಮೂಟೆಯ ಭಾರಕ್ಕೇ ಕಾರು ಇನ್ನಷ್ಟು ಕುಸಿದಿತ್ತು.

"ಫೇಲು. ಮುಂದಿನ ವಾರ ಬಾ. ಮೂಟೆ ಜೀಪಿಗೆ ಹಾಕು."

ಮೂಟೆ ಇಳಿಸಿದ ಕೂಡಲೇ ಕಾರು ಉಸಿರೆಳೆದುಕೊಂಡ ಹಾಗೆ ಮೇಲೆದ್ದಿತು, ಸಿಕ್ಕಿಕೊಂಡಿದ್ದ ಕಾಯಿ ತಾನಾಗಿ ಉರುಳಿ ಸಾಹೇಬರ ಬೂಟಿಗೆ ಬಂದು ತಾಗಿತು. ಅವರು ಅದನ್ನೂ ಜೀಪಿಗೆ ಹಾಕಿಸಿದರು.

ಕಾರು ಪಾಸು

ಕಾರು ಫೇಲಾದದ್ದಕ್ಕಿಂತ ಕಾಯಿ ಹೋದದ್ದು ಸಾಹುಕಾರರಿಗೆ ಹೆಚ್ಚು ನೋವು ತಂದಿತ್ತು. ಎರಡನೇ ಸಲ ಸಂತೆಯಲ್ಲಿ ಯಾರೂ ಮುಟ್ಟದ ಪೀಚು ಕಾಯಿಗಳನ್ನು ಆರಿಸಿ ಆರಿಸಿ ತುಂಬಿಸಿದರು.

"ಸಾಹುಕಾರ್ರೆ, ಇವನ್ನ ನೋಡಿದ್ರೆ ಸಾಹೇಬ್ರು ಕಾರು ಬಿಟ್ಟು ನನ್ನೇ ಫೇಲ್ ಮಾಡ್ತಾರೆ."

"ಮೂಟೆ ಬಾಯಿ ಹೊಲ್ಸೀನಿ. ನೀನು ಬಾಯಿ ಮುಚ್ಕಂಡು ಹೋಗು."

ಸಾಹೇಬರು ಕುರ್ಚಿಯಿಂದಲೇ, "ಹೋದ ಸಲದ ಹಂಗೇ ಉರುಳಿಸು" ಅಂದರು. ನಾನು ಆ ಕಡೆ ಹೋಗಿ, ಮೂಟೆಯ ಮೂಲೆ ಹರಿದು, ಒಂದು ಕಾಯಿ ಬಿಟ್ಟೆ. ಅದು ನಿಂಬೆಹಣ್ಣಿನ ಹಾಗೆ ಕಾರಿನಡಿ ನುಸುಳಿ ಸಾಹೇಬರ ಕಡೆ ಹೊರಟುಹೋಯಿತು. ಸಾಹೇಬರು ಸಹಿ ಹಾಕಿ ಮೊಹರು ಒತ್ತಿದರು. ಆಮೇಲೆ ಕಾಯಿ ಎತ್ತಿ ನೋಡಿದರು.

"ಕಾರು ಪಾಸು ಕಣಯ್ಯ. ಕಾಯಿ ಫೇಲು. ಭಾನುವಾರ ಒಳ್ಳೇವು ಮನೆಗೆ ತಗಂಡು ಬಾ."

ಸಾಹೇಬರ ಗೇಟು

ಮುಂದಿನ ವರ್ಷದ ಎಫ್.ಸಿ.ಗೂ ಇವರೇ ಗತಿ ಅಂತ ಸಾಹುಕಾರರು ಹಲ್ಲು ಕಚ್ಚಿಕೊಂಡು ದಪ್ಪ ಕಾಯಿಗಳನ್ನೇ ಕೊಟ್ಟರು. ಡಿಕ್ಕಿ ತುಂಬಿತು, ಹಿಂದಿನ ಸೀಟೂ ತುಂಬಿತು. ದಾರಿಯುದ್ದಕ್ಕೂ ತೆವಳಿಕೊಂಡು ದುರ್ಗಕ್ಕೆ ಬಂದೆ. ಸಾಹೇಬರ ಗೇಟಿನ ಮುಂದೆ ಚರಂಡಿಗೆ ಚಪ್ಪಡಿ ಕಲ್ಲು ಹಾಸಿತ್ತು. ಮುಂದಿನ ಚಕ್ರ ದಾಟಿತು. ಹೊಟ್ಟೆ ಕಲ್ಲಿನ ಮೇಲೆ ಕೂತುಬಿಟ್ಟಿತು. ಕಾರು ಮುಂದೆ ಹೋಗಲಿಲ್ಲ, ಹಿಂದೆ ಬರಲಿಲ್ಲ.

ಒಳಗೆ ಸಾಹೇಬರೂ ರೇಷ್ಮೆ ಸೀರೆ ಉಟ್ಟ ಅವರ ಹೆಂಡತಿಯೂ ಮದುವೆಗೆ ಹೊರಟು ಜೀಪಿನಲ್ಲಿ ಕೂತಿದ್ದರು. ಮುಹೂರ್ತಕ್ಕೆ ಹೊತ್ತಾಗುತ್ತಿತ್ತು. ಗೇಟಿಗೆ ಅಡ್ಡ ನಮ್ಮ ಕಾರು. ಅಮ್ಮನವರು ದಡದಡ ಇಳಿದು ಬಂದರು.

"ಏನಪ್ಪ ಇದು? ಮೋರಿ ದಾಟಕ್ಕಾಗದ ಗಾಡಿನ ರೋಡಿಗೆ ಬಿಟ್ಟೋರು ಯಾರು? ಯಾವನು ಇದಕ್ಕೆ ಎಫ್.ಸಿ. ಕೊಟ್ಟೋನು?"

ನಾನು ಸಾಹೇಬರ ಮುಖ ನೋಡಿದೆ. ಸಾಹೇಬರು ದುರ್ಗದ ಬೆಟ್ಟ ನೋಡಿದರು.

"ಬಾಯಿ ಬಿಡಪ್ಪ! ಅಂಥೋನ್ನ ಕೆಲ್ಸದಿಂದ ಕಿತ್ತು ಕುರಿ ಕಾಯೋಕೆ ಕಳಿಸ್ಬೇಕು!"

ಇಷ್ಟು ದಿನ ನಾನು ಕೇಳಿಸಿಕೊಂಡ ಮಾತು ಅದು. ಎಫ್.ಸಿ. ಕಾಗದ ಜೇಬಿನಲ್ಲಿ ಭದ್ರವಾಗಿತ್ತು, ನನ್ನ ಮದುವೆಗೆ ದಿನವೂ ಗೊತ್ತಾಗಿತ್ತು. ಧೈರ್ಯ ಬಂತು.

"ಅದು ಅವ್ರ ಕೈಲಿ ಆಗಲ್ಲ ಬಿಡ್ರಿ ಅಮ್ಮಾರೆ," ಅಂದೆ. "ಕುರಿ ಕಾಯೋನಿಗೆ ಬಗ್ಗಿ ನೋಡೋಕೆ ಬರ್ಬೇಕು."