ಹೊಸ ಡೀಸೆಲ್ ಪಂಪು ಮತ್ತು ನಮ್ಮ ಭಾವ

ಬೆಲೆ ಕೇಳಿದ ಕೂಡಲೇ ಮುಖ ಹುಳ್ಳಗೆ ಮಾಡಿಕೊಳ್ಳುವುದು ಒಂದು ವಿದ್ಯೆ. ಅದು ಹುಟ್ಟಿನಿಂದ ಬರುವುದಿಲ್ಲ, ಅಂಗಡಿ ಅಂಗಡಿ ಹತ್ತಿಳಿದು ಕಲಿಯಬೇಕು. ನಾನು ಕಲಿತಿದ್ದೇನೆ. ಕೇಳದಿದ್ದವರಿಗೂ ಕಲಿಸುತ್ತೇನೆ. ನಿಮಗೂ ಹೇಳಿಬಿಡುತ್ತೇನೆ, ಖರ್ಚೇನಿಲ್ಲ: ಯಾವುದಾದರೂ ವಸ್ತು ನಿಮಗೆ ಬೇಕೇ ಬೇಕು ಎನ್ನಿಸಿದಾಗ ಅದನ್ನು ತೆಗಳುವುದು ಎರಡನೆಯ ದರ್ಜೆಯ ಚೌಕಾಸಿ. ಮೊದಲನೆಯ ದರ್ಜೆಯವನು ಅದನ್ನು ತೆಗಳುವುದಿಲ್ಲ. ಮನೆಯಲ್ಲಿ ಈಗಾಗಲೇ ಇರುವ ಹಳೆಯದನ್ನು ಹೊಗಳುತ್ತಾನೆ. ಹಲ್ಲಿನ ಡಾಕ್ಟರ ಮುಂದೆ ಕೆನ್ನೆ ಊದಿಸಿಕೊಂಡು ಕೂತು, ನೋಯುವ ಹಲ್ಲನ್ನೇ ಹೊಗಳಿದವನು ನಾನು. "ಗಟ್ಟಿ ಇದೆ ಸಾರ್, ಇನ್ನೂ ಬಹಳ ಕಾಲ ಬರುತ್ತೆ, ನಿಮ್ಮ ರೇಟು ಹೊಂದಿದ್ರೆ ನೋಡೋಣ" ಎಂದೆ. ಅವರು ಕಡಿಮೆ ಮಾಡಿದರು. ಆ ಹಲ್ಲು ಹೋಯಿತು, ನನ್ನ ಸಿದ್ಧಾಂತ ಉಳಿಯಿತು. ಅದೇ ಸಿದ್ಧಾಂತ ಈಗ ನಮ್ಮ ಮನೆಯಲ್ಲಿ ಅನ್ನ ಬಡಿಸುವ ಸದ್ದನ್ನೂ ಜೋರು ಮಾಡಿದೆ. ಹೆಂಡತಿ ನನ್ನ ಜೊತೆ ಮಾತಾಡುವುದು ಈಚೆಗೆ ಸೌಟಿನ ಮೂಲಕ.

ನನ್ನದು ನಂಜನಗೂಡಿನಲ್ಲಿ ಶಾಮಿಯಾನ ಮತ್ತು ಪಾತ್ರೆ ಬಾಡಿಗೆಯ ವ್ಯಾಪಾರ. ಮದುವೆಗೂ ನಾವೇ, ತಿಥಿಗೂ ನಾವೇ. ಅದೇ ಕೊಪ್ಪರಿಗೆ, ಅದೇ ಸೌಟು. ಒಂದು ಕಡೆ ಪಾಯಸಕ್ಕೆ ಗೋಡಂಬಿ ಇರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ, ಅಷ್ಟೇ ವ್ಯತ್ಯಾಸ. ಈ ಸಾಮಾನು ಹೊರಲು ಒಂದು ಸೆಕೆಂಡ್ ಹ್ಯಾಂಡ್ ಡೀಸೆಲ್ ಪಿಕಪ್ ಇದೆ. ಚೌಕಾಸಿ ಮಾಡಿಯೇ ಕೊಂಡದ್ದು, ಮತ್ತು ಚೌಕಾಸಿ ಮಾಡಿ ಕೊಂಡ ಗಾಡಿಗೆ ಇರಬೇಕಾದ ಒಂದು ಕಾಯಿಲೆ ಅದಕ್ಕೂ ಇತ್ತು. ಟ್ಯಾಂಕಿನಿಂದ ಇಂಜಿನ್ನಿಗೆ ಡೀಸೆಲ್ ಎಳೆದು ಕೊಡುವ ಪಂಪು ಸೋತಿತ್ತು. ನಾಲೆ ಏರಿ ಹತ್ತುವಾಗಲೋ, ಲೋಡು ಜಾಸ್ತಿಯಾದಾಗಲೋ, ಡೀಸೆಲ್ಲಿನ ಜೊತೆ ಗಾಳಿಯನ್ನೂ ಎಳೆದುಕೊಂಡು ಗಾಡಿ ಎರಡು ಸಲ ಕೆಮ್ಮಿ ನಿಂತುಬಿಡುವುದು. ಆಗ ಬಾನೆಟ್ ಎತ್ತಿ, ಒಂದು ಸ್ಕ್ರೂ ಸಡಿಲಿಸಿ, ಅಲ್ಲೇ ಇರುವ ಹ್ಯಾಂಡ್ ಪಂಪನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಗಾಳಿ ತೆಗೆಯಬೇಕು. ಒಬ್ಬರು ಒತ್ತುತ್ತಿರಬೇಕು, ಇನ್ನೊಬ್ಬರು ಕೀ ತಿರುಗಿಸಬೇಕು. ಕೀ ತಿರುಗಿಸುವವನು ನಾನು. ಒತ್ತುವವರು ನಮ್ಮ ಭಾವ.

ಭಾವ ಎಂದರೆ ನನ್ನ ಹೆಂಡತಿ ಗಿರಿಜಳ ಅಣ್ಣ, ಹದಿನಾರು ಎಂಬ ಊರಿನ ಗುರುಮಲ್ಲಪ್ಪ. ನಾನು ಅವರಿಗೆ ಭಾವ ಎನ್ನುತ್ತೇನೆ, ತಂಗಿಯ ಗಂಡನೆಂದು ಅವರೂ ನನಗೆ ಭಾವ ಎನ್ನುತ್ತಾರೆ. ಜಮೀನನ್ನು ಮಕ್ಕಳು ನೋಡಿಕೊಳ್ಳುತ್ತಾರೆ; ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ, ಅದೇ ತೊಂದರೆ. ಮನೆ ತುಂಬ ಜನ, ಊಟಕ್ಕೆ ಕೊರತೆಯಿಲ್ಲ, ಆದರೆ ಯಾವ ಕೆಲಸವೂ ಅವರಿಗಾಗಿ ಕಾದಿರುವುದಿಲ್ಲ. ನನ್ನ ಗಾಡಿಯೊಂದೇ ಅವರಿಗಾಗಿ ಕಾಯುತ್ತಿತ್ತು. ಸಾಮಾನು ಹೊರಡುವ ದಿನ ಮೊದಲ ಬಸ್ಸಿಗೆ ನಂಜನಗೂಡಿಗೆ ಬಂದು, ಮುಂದಿನ ಸೀಟಿನಲ್ಲಿ ಟವೆಲ್ ಹಾಸಿ ಕೂತುಬಿಡುವರು. ಗಾಡಿ ಕೆಮ್ಮಿದರೆ ಅವರ ಮುಖದಲ್ಲಿ ಒಂದು ಕಳೆ ಬರುತ್ತಿತ್ತು. "ತಡೀರಿ ಭಾವ, ಗಾಬ್ರಿ ಬೇಡಿ. ಅವ್ಳಿಗೆ ಉಸ್ರು ಕಟ್ಟದೆ" ಎಂದು ಇಳಿಯುವರು. ಗಾಡಿ ಅವರಿಗೆ ಯಾವಾಗಲೂ 'ಅವಳು'. ಒತ್ತುತ್ತಾ ಒತ್ತುತ್ತಾ ದಾರಿಹೋಕರನ್ನು ಮಾತಿಗೆಳೆಯುವರು. ಗಾಳಿ ಹೋಗುವ ಹೊತ್ತಿಗೆ ಆ ಊರಿನ ಯಾರ ಮಗಳು ಯಾವ ಊರಿಗೆ ಹೋದಳು, ಯಾರ ಬೋರ್‌ವೆಲ್ಲಿನಲ್ಲಿ ನೀರು ಬಂತು, ಎಲ್ಲ ತಿಳಿದಿರುತ್ತಿತ್ತು. ನಾನು ಒಳಗೆ ಕೂತು, ತಡವಾಯಿತೆಂದು ಹಲ್ಲು ಕಡಿಯುತ್ತಿದ್ದೆ. ಉಳಿದ ಹಲ್ಲುಗಳನ್ನು.

ಹೀಗಿರುವಾಗ ತಿ. ನರಸೀಪುರದ ಹತ್ತಿರ ಒಂದು ತಿಥಿಗೆ ಪಾತ್ರೆ ತಲುಪುವುದು ತಡವಾಯಿತು. ಬೀಗರು ನೆಂಟರೆಲ್ಲ ಬಂದು ಕೂತಿದ್ದರು, ಒಲೆ ಉರಿಯುತ್ತಿತ್ತು, ಒಲೆಯ ಮೇಲಿಡಲು ಏನೂ ಇರಲಿಲ್ಲ. ತೀರಿಕೊಂಡವರ ಮಗ ಎಲ್ಲರ ಎದುರಿಗೆ, "ಏನ್ರೀ, ತೀರ್ಕಂಡೋರಾದ್ರೂ ವಾಪಸ್ ಬಂದಾರು, ನಿಮ್ ಗಾಡಿ ಬರಾಕಿಲ್ವಲ್ರೀ!" ಎಂದ. ಆ ಮನೆಯವರೇ ನಕ್ಕರು. ತಿಥಿಯ ದಿನ ಜನ ನಗುವಂತಾದರೆ ನನ್ನ ವ್ಯಾಪಾರ ಉಳಿಯುತ್ತದೆಯೇ? ಮಾರನೆಯ ದಿನವೇ ಗಾಡಿಯನ್ನು ಮೆಕ್ಯಾನಿಕ್ ನಾಗರಾಜುವಿನ ಷೆಡ್ಡಿಗೆ ಬಿಟ್ಟೆ. ಭಾವನೂ ಜೊತೆಗಿದ್ದರು. ಹೆಂಗಸರ ಜೊತೆ ಆಸ್ಪತ್ರೆಗೆ ಬರುವ ತವರಿನವರ ಹಾಗೆ, ಬಾನೆಟ್ಟಿನ ಪಕ್ಕದಲ್ಲೇ ನಿಂತಿದ್ದರು.

ನಾಗರಾಜು ಬಗ್ಗಿ ನೋಡಿ, "ಸಾ, ಹಳೇ ಪಂಪ್‌ನ ಮರ್ತುಬುಡಿ. ಟ್ಯಾಂಕ್ ಪಕ್ಕದಲ್ಲಿ ಬ್ಯಾಟರಿ ಮೇಲೆ ಓಡೋ ಎಲೆಕ್ಟ್ರಿಕ್ ಪಂಪ್ ಕೂರುಸ್ತೀನಿ. ನೀರು ಬೇರೆ ಮಾಡೋ ದೊಡ್ ಫಿಲ್ಟ್ರು, ಪೈಪೆಲ್ಲ ಹೊಸದು. ಕೀ ತಿರುಗ್ಸುದ್ರೆ ಟಿಕ್ ಟಿಕ್ ಅಂತ ಡೀಸೆಲ್ ತಾನೇ ಬತ್ತದೆ" ಎಂದು ಬೆಲೆ ಹೇಳಿದ. ನನಗೆ ಆ ಪಂಪು ಬೇಕೇ ಬೇಕಾಗಿತ್ತು. ಆದ್ದರಿಂದ ಮುಖ ಹುಳ್ಳಗೆ ಮಾಡಿಕೊಂಡು, ಮೊದಲನೆಯ ದರ್ಜೆಯ ಚೌಕಾಸಿಗೆ ಇಳಿದೆ.

"ಪಂಪ್ ಯಾಕಯ್ಯ ನಂಗೆ? ನಮ್ ಭಾವ ಇಲ್ವಾ?"

"ಅವ್ರು ಇನ್ನೆಷ್ಟು ದಿನ ಒತ್ತಾರು ಸಾ?"

"ಅವ್ರ ಹೆಬ್ಬೆಟ್ಟು ನೋಡು ಹೆಂಗದೆ! ನಿನ್ ಪಂಪಿಗೆ ಬ್ಯಾಟರಿ ಬೇಕು, ವೈರ್ ಬೇಕು, ಫ್ಯೂಸ್ ಬೇಕು. ನಮ್ ಭಾವನಿಗೆ ಎರಡು ಇಡ್ಲಿ ಒಂದು ಕಾಫಿ ಆಯ್ತು ಅಂದ್ರೆ ಸಂಜೆಗಂಟ ಓಡ್ತಾರೆ. ಸರ್ವಿಸ್ ಇಲ್ಲ, ರಿಪೇರಿ ಇಲ್ಲ."

ಭಾವ ಟವೆಲ್ಲಿನಲ್ಲಿ ಕೈ ಒರೆಸಿಕೊಂಡು ನೆಟ್ಟಗೆ ನಿಂತರು. ಅವರನ್ನು ಅವರೆದುರಿಗೆ ನಾನು ಹೊಗಳಿದ್ದು ಅದೇ ಮೊದಲು. ನಾಗರಾಜು ಬೆಲೆ ಇಳಿಸಿದ. "ಊಹೂಂ, ಇನ್ನೂ ನಮ್ ಭಾವನೇ ಅಗ್ಗ" ಎಂದೆ. ಮತ್ತೆ ಇಳಿಸಿದ. "ಫಿಲ್ಟ್ರಿಗೆ ಬೇರೆ ದುಡ್ಡು ಅಂತೀಯ. ನಮ್ ಭಾವ ನಿಂತಲ್ಲೇ ನಾಲ್ಕೂರ ಸುದ್ದಿ ಫ್ರೀಯಾಗಿ ಕೊಡ್ತಾರೆ" ಎಂದೆ. ಷೆಡ್ಡಿನಲ್ಲಿದ್ದ ಗಿರಾಕಿಗಳೆಲ್ಲ ಕೆಲಸ ಬಿಟ್ಟು ಸುತ್ತ ನಿಂತರು. ಜನ ಸೇರಿದರೆ ನನ್ನ ನಾಲಿಗೆಗೆ ಇನ್ನಷ್ಟು ಎಣ್ಣೆ ಬೀಳುತ್ತದೆ. ಕೊನೆಗೆ ನಾಗರಾಜು ಸ್ಪ್ಯಾನರನ್ನು ನೆಲಕ್ಕೆ ಹಾಕಿ, "ಫಿಲ್ಟ್ರು ನಂದೇ, ಕೂಲೀಲೂ ಬುಟ್ಟೆ. ಈಗೇಳಿ ಸಾ, ನಿಮ್ ಭಾವನಿಗಿಂತ ಕಮ್ಮಿ ಆಯ್ತೋ ಇಲ್ವೋ?" ಎಂದ.

ಗೆದ್ದ ಸಂತೋಷದಲ್ಲಿ ನಾನು ಹೇಳಿದೆ: "ಹ್ಞಾಂ, ಈಗ ಆಯ್ತು. ಹಾಕು!"

ಷೆಡ್ಡಿಗೆ ಷೆಡ್ಡೇ ನಕ್ಕಿತು. ಭಾವನೂ ನಕ್ಕರು. ಆಮೇಲೆ, ಎಲ್ಲರ ನಗು ಮುಗಿದ ಮೇಲೆ, "ಆ ಹಳೇದ್ನ ಏನ್ ಮಾಡೀಯಪ್ಪ?" ಎಂದು ನಾಗರಾಜುವನ್ನು ಕೇಳಿದರು. "ಗುಜ್ರಿಗೆ, ಯಜಮಾನ್ರೆ" ಎಂದ ಅವನು. "ಸರಿ ಮತ್ತೆ" ಎಂದರು ಭಾವ. ನಾನು ಅವರ ಮುಖ ನೋಡಲಿಲ್ಲ. ಹಳೆಯ ಪಂಪಿನ ಗುಜರಿ ಬೆಲೆಯನ್ನು ಬಿಲ್ಲಿನಲ್ಲಿ ಮುರಿಸಿಕೊಳ್ಳುವುದರಲ್ಲಿದ್ದೆ. ಸಂಜೆ ಗಾಡಿ ತಯಾರಾಯಿತು. ಬಿಡುತ್ತೇನೆ ಬನ್ನಿ ಎಂದರೆ, "ಬಸ್ಸದೆ ಬುಡಿ ಭಾವ" ಎಂದರು. ಸೀಟಿನ ಮೇಲಿದ್ದ ಟವೆಲನ್ನು ಕೊಡವಿ ಹೆಗಲ ಮೇಲೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೋದರು. ಅವತ್ತು ನಾನು ಮನೆಗೆ ಹೋಗಿ, ಇವತ್ತು ಎಂಥ ವ್ಯಾಪಾರ ಮಾಡಿದೆ ಗೊತ್ತಾ ಎಂದು ಗಿರಿಜಳ ಮುಂದೆ ಬೀಗಿದೆ. ಪೂರ್ತಿ ವಿವರ ಹೇಳಲಿಲ್ಲ. ಯಾಕೆ ಹೇಳಲಿಲ್ಲವೋ, ಆಗ ನನಗೂ ತಿಳಿಯಲಿಲ್ಲ.

ಮುಂದಿನ ಬಾಡಿಗೆಯ ದಿನ ಭಾವ ಬರಲಿಲ್ಲ. ಫೋನು ಮಾಡಿದರೆ, "ಎಮ್ಮೆ ಕರ ಆಕೋ ಅಂಗದೆ ಭಾವ, ಬುಟ್ಟು ಬರಾಕಾಗಲ್ಲ" ಎಂದರು. ಅದರ ಮುಂದಿನ ಸಲವೂ ಎಮ್ಮೆ ಕರು ಹಾಕಿರಲಿಲ್ಲ. ಮತ್ತೊಂದು ಮದುವೆ ಮುಗಿದರೂ ಹಾಕಲಿಲ್ಲ. "ಅದೇನು ಎಮ್ಮೆನೋ ಆನೆನೋ" ಎಂದು ನಾನು ತಮಾಷೆ ಮಾಡಿದಾಗ ಗಿರಿಜ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. "ನಮ್ಮಣ್ಣನ ಮನೇಲಿ ಎಮ್ಮೆ ಮಾರಿ ಯಾವ ಕಾಲ ಆಯ್ತು! ಏನಂದ್ರಿ ಅವನಿಗೆ?" ಆಗ ಹೇಳಬೇಕಾಯಿತು. ಇಡ್ಲಿ ಕಾಫಿಯವರೆಗೆ ಜೋರಾಗಿಯೇ ಹೇಳಿದೆ. 'ಈಗ ಆಯ್ತು, ಹಾಕು' ಎನ್ನುವ ಹೊತ್ತಿಗೆ ನನ್ನ ಧ್ವನಿ ನನಗೇ ಕೇಳಿಸಲಿಲ್ಲ. ಅವಳು ಬೈಯಲಿಲ್ಲ. "ಅಂಗಡಿ ಯಾವುದು, ಮನೆ ಯಾವುದು, ನಿಮಗೆ ಗೊತ್ತೇ ಆಗಲ್ಲ ಅಲ್ವಾ?" ಎಂದಳು. ಆಮೇಲೆ ಸೌಟನ್ನು ಎತ್ತಿಕೊಂಡವಳು ಇನ್ನೂ ಕೆಳಗಿಟ್ಟಿಲ್ಲ.

ಗಾಡಿಯ ಬಗ್ಗೆ ದೂರು ಹೇಳುವ ಹಾಗಿಲ್ಲ. ಹೊಸ ಪಂಪು ಬಂದಮೇಲೆ ನಾಲೆ ಏರಿ, ತಲಕಾಡಿನ ಮರಳು, ಯಾವುದಕ್ಕೂ ಜಗ್ಗುವುದಿಲ್ಲ. ಎಲ್ಲಿಗೆ ಹೋದರೂ ಅಡುಗೆಯವರಿಗಿಂತ ಮೊದಲೇ ಹೋಗಿ ಸೇರುತ್ತೇನೆ. ಸೇರಿ ಏನು ಮಾಡಲಿ? ಒಲೆ ಹೂಡದ ಅಂಗಳದಲ್ಲಿ, ಮುಚ್ಚಿದ ಬಾಗಿಲಿನ ಮುಂದೆ, ಒಬ್ಬನೇ ಕೂತಿರುತ್ತೇನೆ. ದಾರಿಯಲ್ಲಿ ನಿಲ್ಲದ ಗಾಡಿಯ ಸುತ್ತ ಯಾರೂ ಸೇರುವುದಿಲ್ಲ, ಯಾವ ಸುದ್ದಿಯೂ ಹತ್ತುವುದಿಲ್ಲ. ತಲಕಾಡಿನ ದಾರಿಯಲ್ಲಿ ಕಾಫಿ ಹೋಟೆಲಿನವನು ಇಣುಕಿ ನೋಡಿ, "ಎಲ್ಲಿ, ಓನರ್ ಬರ್ನಿಲ್ವಾ?" ಎಂದ. ಓನರ್ ನಾನೇ ಕಣಪ್ಪ ಎಂದೆ. ಅವನು ನಂಬಲಿಲ್ಲ. ಇಷ್ಟು ವರ್ಷ ಆ ರಸ್ತೆಯವರ ಲೆಕ್ಕದಲ್ಲಿ ಗಾಡಿ ಭಾವನದು, ನಾನು ಡ್ರೈವರು. ಬಾನೆಟ್ ಎತ್ತುವಾಗ ಒಳಗೇ ಕೂತು ಹಾರ್ನ್ ಮಾಡುವವನನ್ನು ಮತ್ತೇನೆಂದುಕೊಳ್ಳಬೇಕು?

ಕೊನೆಗೆ ಹದಿನಾರಿಗೆ ಹೋದೆ. ಗಾಡಿಯಲ್ಲೇ ಹೋದೆ. ಭಾವ ಜಗಲಿಯ ಮೇಲೆ ಕೂತಿದ್ದರು. ನನ್ನನ್ನು ನೋಡುವ ಮೊದಲು ಗಾಡಿಯನ್ನು ನೋಡಿದರು. "ಬನ್ನಿ ಭಾವ. ಎಂಗವ್ಳೆ?" ಎಂದರು.

"ಚೆನ್ನಾಗವ್ಳೆ" ಎಂದೆ. ಬೇರೆ ಏನು ಹೇಳಲಿ? ಕಾಫಿ ಬಂತು. ಕುಡಿದು, ಗಂಟಲು ಸರಿಮಾಡಿಕೊಂಡು ಶುರುಮಾಡಿದೆ: ಪಾತ್ರೆ ಎಣಿಸಿಕೊಳ್ಳಲು ಜನ ಇಲ್ಲ, ನೀವು ಬಂದರೆ ಅನುಕೂಲ, ಸೀಟು ಖಾಲಿ ಹೋಗುತ್ತಿದೆ, ಮೇಲಾಗಿ ಗಿರಿಜ ಬೇಜಾರು ಮಾಡಿಕೊಂಡಿದ್ದಾಳೆ, ನಾಳೆ ನರಸೀಪುರದ ಕಡೆ ಒಂದು ಗೃಹಪ್ರವೇಶ ಇದೆ, ನೀವು ಬೇಕೇ ಬೇಕು.

ಭಾವ ಖಾಲಿ ಲೋಟಗಳನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ನಕ್ಕರು, ಷೆಡ್ಡಿನಲ್ಲಿ ನಕ್ಕ ಹಾಗೆಯೇ. "ಭಾವ, ನಿಮ್ ಪಕ್ಕದಲ್ಲಿ ಕೂತು ನಿಮ್ ಯಾಪಾರನೆಲ್ಲ ನೋಡಿವ್ನಿ. ನಿಜವಾಗ್ಲೂ ಬೇಕಾದ್ದನ್ನ ನೀವು ಒಂದಿನಾನೂ ಬೇಕು ಅಂದೋರಲ್ಲ. ಈವತ್ತು ಬೇಕು ಬೇಕು ಅಂತಿದ್ದೀರ. ತಂಗಿ ಕಳ್ಸವ್ಳೆ ಅಂತ ನಂಗೊತ್ತಾಯ್ತದೆ. ಪಾತ್ರೆ ಎಣಿಸಾಕೆ ನಾನ್ಯಾಕೆ, ನಿಮ್ಗೆ ಎಣಿಸಾಕೆ ಬರಾಕಿಲ್ವಾ?"

ಇಲ್ಲ ಭಾವ, ನಿಜವಾಗಿಯೂ ಬೇಕು ಎಂದೆ. ಈ ಮಾತನ್ನು ಹೇಳುವ ಅಭ್ಯಾಸ ತಪ್ಪಿದ್ದರಿಂದಲೋ ಏನೋ, ನನ್ನ ಕಿವಿಗೇ ಅದು ಸುಳ್ಳಿನ ಹಾಗೆ ಕೇಳಿಸಿತು. "ಆಯ್ತು, ಆಯ್ತು, ಉಷಾರಾಗಿ ಓಗ್ಬನ್ನಿ" ಎಂದರು ಭಾವ.

ಎದ್ದೆ. ನಮ್ಮ ಕಡೆ ವ್ಯಾಪಾರ ಕುದುರದಿದ್ದರೆ ಗಿರಾಕಿ ಎದ್ದು ನಿಧಾನವಾಗಿ ನಡೆಯುತ್ತಾನೆ. ಅಂಗಡಿಯವನು ಹಿಂದಿನಿಂದ ಕರೆಯುತ್ತಾನೆ. ಕರೆಯದೇ ಇರುವ ಅಂಗಡಿಯನ್ನು ನಾನು ಇವತ್ತಿನವರೆಗೆ ಕಂಡಿಲ್ಲ. ಜಗಲಿಯಿಂದ ಗಾಡಿಯವರೆಗೆ ನಡೆದಷ್ಟು ನಿಧಾನವಾಗಿ ನಾನು ಎಲ್ಲೂ ನಡೆದಿಲ್ಲ. ಚಪ್ಪಲಿ ಸರಿಮಾಡಿಕೊಂಡೆ. ಟೈರು ಒದ್ದು ನೋಡಿದೆ. ಹಿಂದಿನಿಂದ ಯಾರೂ ಕರೆಯಲಿಲ್ಲ. ಹತ್ತಿ ಕೂತು, ಕೀ ಕೈಯಲ್ಲಿ ಹಿಡಿದು, ಒಂದೇ ಒಂದು ಸಲ ಕೆಮ್ಮು, ತಾಯಿ, ಒಂದು ಸಲ ಉಸಿರು ಕಟ್ಟಿಸಿಕೋ, ಅವರು ಇಳಿದು ಬರುತ್ತಾರೆ ಎಂದು ಮನಸ್ಸಿನಲ್ಲೇ ಬೇಡಿಕೊಂಡು ತಿರುಗಿಸಿದೆ. ಟಿಕ್ ಟಿಕ್ ಎಂದಿತು. ಮೊದಲ ಏಟಿಗೇ ಸ್ಟಾರ್ಟ್ ಆಯಿತು.

ಭಾವ ಜಗಲಿಯಿಂದಲೇ, ಮೆಚ್ಚಿದವರ ಹಾಗೆ ತಲೆ ಆಡಿಸಿದರು. ಇಳಿದು ಹೋಗಿ ಮತ್ತೊಂದು ಮಾತು ಆಡಬಹುದಿತ್ತು. ಆದರೆ ಡೀಸೆಲ್ಲಿನ ಬೆಲೆ ನಿಮಗೂ ಗೊತ್ತು. ಸ್ಟಾರ್ಟ್ ಆದ ಗಾಡಿಯನ್ನು ಎಷ್ಟು ಹೊತ್ತು ಅಂತ ಸುಮ್ಮನೆ ನಿಲ್ಲಿಸಿಕೊಂಡಿರುವುದು? ಹೊರಟುಬಿಟ್ಟೆ.