ದುಕೂಲ ಎಂಬ ಅಪರೂಪದ ಹೆಸರು

ಮೊಮ್ಮಗಳಿಗೆ ಹೆಸರು ಹುಡುಕುವ ಭಾರವನ್ನು ನನ್ನ ತಲೆಯ ಮೇಲೆ ಹೊರಿಸಿದವಳು ನನ್ನ ಸೊಸೆಯೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಡೆದದ್ದಕ್ಕೆಲ್ಲ ನಾನೊಬ್ಬನೇ ಹೊಣೆಯೆಂದು ಮನೆಯಲ್ಲಿ ಈಗ ತೀರ್ಮಾನವಾಗಿದೆ. (ಆ ತೀರ್ಮಾನ ಮಾಡಿದ ಸಭೆಗೆ ನನ್ನನ್ನು ಕರೆದಿರಲಿಲ್ಲ.)

ಹೆರಿಗೆ ವಾರ್ಡಿನ ಹಾಸಿಗೆಯಲ್ಲಿ ದಿಂಬಿಗೆ ಒರಗಿ, ಮಗುವನ್ನು ತೋಳಿನಲ್ಲಿಟ್ಟುಕೊಂಡು ಅವಳು ಹೇಳಿದಳು: "ಮಾವ, ನೀವು ಜೀವಮಾನವೆಲ್ಲ ಭಾಷೆ ಕಲಿಸಿದವರು. ಇವಳಿಗೊಂದು ಹೆಸರು ಕೊಡಿ. ಚೆನ್ನಾಗಿರ್ಬೇಕು, ಬೇರೆ ಯಾರಿಗೂ ಇರಬಾರದು. ನಮ್ಮ ಆಫೀಸಲ್ಲಿ ನನ್ನ ಹೆಸರು ಕೂಗಿದ್ರೆ ಮೂರು ಜನ ಎದ್ದು ನಿಲ್ತೀವಿ. ಇನ್ನೊಬ್ಬಳು ಮಾಡಿದ ತಪ್ಪಿಗೆ ನಾನು ಬೈಸ್ಕೊಂಡಿದ್ದೀನಿ. ನನಗೆ ಬಡ್ತಿ ಬಂದಾಗ ಎಲ್ರೂ ಹೋಗಿ ಅವಳ ಕೈ ಕುಲುಕಿದ್ರು. ನನ್ನ ಮಗಳಿಗೆ ಹಾಗಾಗಬಾರದು."

ಹೇಳುವಾಗ ಅವಳ ಕಣ್ಣು ಒದ್ದೆಯಾಗಿತ್ತು. ನಾನು ಭೀಷಣ ಪ್ರತಿಜ್ಞೆಯನ್ನೇ ಮಾಡಿಬಿಟ್ಟೆ.

ಮನೆಗೆ ಬಂದವನು ನಿಘಂಟನ್ನು ಮಡಿಲಲ್ಲಿ ಹರಡಿಕೊಂಡು ಕುಳಿತೆ. ಪುಟ ಮಗುಚುತ್ತ ಹೋದಂತೆ ನನ್ನ ಹಳೆಯ ಗೆಳತಿಯೊಬ್ಬಳು ಎದುರಾದಳು: ದುಕೂಲ. ಹಿಂದಿನ ಕಾಲದ ನವಿರಾದ ಬಟ್ಟೆ. ಅದೇ ಹೆಸರಿನ ಗಿಡವೊಂದರ ಒಳತೊಗಟೆಯ ನಾರಿನಿಂದ ನೇಯುತ್ತಿದ್ದರಂತೆ. ಹಳೆಯ ಪದ್ಯಗಳಲ್ಲಿ ಈ ಪದ ಬಂದಾಗಲೆಲ್ಲ ನಾನು ಸೀಮೆಸುಣ್ಣ ಕೆಳಗಿಟ್ಟು, ಇಲ್ಲದ ಬಟ್ಟೆಯೊಂದನ್ನು ಎರಡು ಬೆರಳಲ್ಲಿ ಎತ್ತಿ ಗಾಳಿಯಲ್ಲಿ ತೇಲಿಬಿಡುತ್ತಿದ್ದೆ. ಮಕ್ಕಳ ಕಣ್ಣು ಅದರ ಹಿಂದೆಯೇ ಕಿಟಕಿಯವರೆಗೂ ಹೋಗುತ್ತಿತ್ತು. (ಅವರು ನೋಡುತ್ತಿದ್ದುದು ಕಿಟಕಿಯನ್ನೇ ಎಂದು ನಮ್ಮ ಗಣಿತದ ಮೇಷ್ಟ್ರು ವಾದಿಸುತ್ತಿದ್ದರು. ಲೆಕ್ಕದವರಿಗೆ ಇದೆಲ್ಲ ಎಲ್ಲಿ ತಿಳಿಯಬೇಕು.)

"ಮಗೂಗೆ ಬಟ್ಟೆ ಹೆಸರು ಇಡ್ತಾರೇನ್ರೀ?" ಎಂದಳು ನನ್ನ ಹೆಂಡತಿ. "ಇನ್ನೊಂದು ಹುಟ್ಟಿದ್ರೆ ಟವಲ್ಲು ಅಂತೀರಾ?"

"ಇದು ಸಾಮಾನ್ಯ ಬಟ್ಟೆ ಅಲ್ಲ ಕಣೇ. ನೊರೆಯ ಹಾಗೆ ಬಿಳುಪು, ಉಸಿರಿನಷ್ಟು ಹಗುರ."

"ಒಗೆದ್ರೆ ಕುಗ್ಗಲ್ಲ ತಾನೆ?"

ವಾರ್ಡಿಗೆ ಹೋಗಿ ಹೇಳಿದರೆ, ಸೊಸೆಗೆ ಮಾತ್ರ ಹೆಸರು ಕೇಳಿದೊಡನೆಯೇ ಹಿಡಿಸಿತು. ಮಗುವಿನ ಕಿವಿಯಲ್ಲಿ ಎರಡು ಸಲ ಹೇಳಿ ನೋಡಿದಳು. ಆಮೇಲೆ ತಲೆಯೆತ್ತಿ, "ಬೇರೆ ಯಾರಿಗೂ ಇಲ್ಲ ತಾನೆ ಮಾವ?" ಎಂದಳು.

"ಇಲ್ಲ ಅಂತ ಕಾಣುತ್ತಮ್ಮ."

"ಕಾಣುತ್ತೆ ಅಂದ್ರೆ?"

ಸರಿಯಾದ ಪ್ರಶ್ನೆ. ಉತ್ತರವನ್ನು ತಾಳೆ ನೋಡದೆ ಒಪ್ಪಿಸಬಾರದೆಂದು ಎಷ್ಟು ತಲೆಮಾರಿನ ಮಕ್ಕಳಿಗೆ ಹೇಳಿದವನು ನಾನು. ಯಾರಿಗೂ ಈ ಹೆಸರಿಲ್ಲವೆಂದು ಖಚಿತವಾಗಬೇಕಾದರೆ ಎಲ್ಲರನ್ನೂ ಕೇಳಬೇಕು. ಕೇಳಲು ಹೊರಟೆ.

ವಾರ್ಡಿನ ಸಿಸ್ಟರ್‌ನಿಂದಲೇ ಆರಂಭಿಸಿದೆ. ಅವರಷ್ಟು ಮಕ್ಕಳ ಹೆಸರು ಕೇಳಿದವರು ಇನ್ನಾರಿದ್ದಾರೆ?

"ದುಕೂಲ ಅನ್ನೋ ಹೆಸರು ಎಂದಾದರೂ ನಿಮ್ಮ ಕಿವಿಗೆ ಬಿದ್ದಿದೆಯೇ ಸಿಸ್ಟರ್?"

"ಇಲ್ಲ ಸಾರ್. ಹಾಗಂದ್ರೇನು?"

ಹಾಗಂದರೇನು ಎಂದು ನಿವೃತ್ತ ಮೇಷ್ಟರನ್ನು ಕೇಳಬಾರದು. ಹಾಸಿಗೆಗಳ ನಡುವಿನ ಪರದೆಯನ್ನೇ ಹಿಡಿದು, ಇದು ಗೋಣಿಯಾದರೆ ಅದು ಮಂಜು ಎಂದು ಆರಂಭಿಸಿದವನು ಗಿಡ, ನಾರು, ಮಗ್ಗ, ಅರಮನೆಗಳನ್ನೆಲ್ಲ ಸುತ್ತಿ ಬಂದೆ. ಇಡೀ ವಾರ್ಡು ಮೌನವಾಗಿ ಕೇಳಿತು. ಕೂಸುಗಳು ಕೂಡ ಅಳಲಿಲ್ಲ. ನಿವೃತ್ತಿಯಾದ ಮೇಲೆ ಅಂಥ ತರಗತಿ ನನಗೆ ಸಿಕ್ಕಿರಲಿಲ್ಲ. ಪಾಠ ಮುಗಿದಾಗ ಸಿಸ್ಟರ್, "ಇನ್ನೊಂದ್ಸಲ ಬಿಡಿಸಿ ಹೇಳಿ ಸಾರ್" ಎಂದು ಪೆನ್ನಿನಿಂದ ಅಂಗೈ ಮೇಲೆ ಬರೆದುಕೊಂಡರು. ಅದನ್ನು ನಾನು ಸಾಹಿತ್ಯಾಭಿರುಚಿ ಎಂದುಕೊಂಡೆ.

ಅಲ್ಲಿಂದ ನಮ್ಮ ಬೀದಿಯ ಟೈಲರ್ ಬಳಿಗೆ ಹೋದೆ. ಬಟ್ಟೆಯ ವಿಚಾರ ಬಟ್ಟೆಯವನಿಗೆ ಗೊತ್ತಿರಬೇಕಲ್ಲ. ಅವನ ಮಗಳಿಗೂ ಅದೇ ವಾರ್ಡಿನಲ್ಲಿ ಆಗತಾನೇ ಹೆಣ್ಣು ಮಗುವಾಗಿತ್ತು.

"ನಾನೇ ಕೇಳಿಲ್ವಲ್ಲ ಮೇಷ್ಟ್ರೇ," ಎಂದು ಅವನು ಹೊಲಿಗೆ ಯಂತ್ರದ ಪೆಡಲಿನಿಂದ ಕಾಲು ತೆಗೆದ. "ಅಗಲ ಎಷ್ಟು ಬರುತ್ತೆ?"

ಅಗಲ ಮುಖ್ಯವಲ್ಲ, ಭಾವ ಮುಖ್ಯವೆಂದು ವಿವರಿಸಿದೆ. ಅವನು ಇನ್ನೊಮ್ಮೆ ಹೇಳಿಸಿದ. ಸಂತೋಷವಾಗಿ ಇನ್ನೊಮ್ಮೆ ಹೇಳಿದೆ. ಆಮೇಲೆ ಬೇಕರಿಯವನು, ಔಷಧದ ಅಂಗಡಿಯವರು, ಮಹಡಿಯ ಮೇಲಿನ ಬಾಡಿಗೆದಾರರು, ಬಸ್ ನಿಲ್ದಾಣದಲ್ಲಿ ಬಸ್ಸಿಗಾಗಿ ನಿಂತಿದ್ದವರು. (ಬಸ್ಸು ಬಂದರೂ ಇಬ್ಬರು ಹತ್ತಲಿಲ್ಲ. ಅಂಥ ವಿಷಯ ಅದು.) ಒಬ್ಬರೂ ಆ ಹೆಸರನ್ನು ಕೇಳಿರಲಿಲ್ಲ.

ನೂರಕ್ಕೆ ನೂರು ತೆಗೆದ ಹುಡುಗನಂತೆ ಮನೆಗೆ ಬಂದೆ. "ಯಾರಿಗೂ ಇಲ್ಲ. ಊರಲ್ಲೆಲ್ಲ ಕೇಳಿಕೊಂಡು ಬಂದೆ."

"ಊರಲ್ಲೆಲ್ಲ ಕೇಳಿದ್ರಾ?" ಎಂದಳು ಹೆಂಡತಿ.

"ಒಬ್ಬರನ್ನೂ ಬಿಟ್ಟಿಲ್ಲ."

ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿ, ಚಹಾ ಸೋಸಲು ಒಳಗೆ ಹೋದಳು.

ಕೆಲವು ವಾರ ಕಳೆದವು. ಒಂದು ಬೆಳಗ್ಗೆ ಮಹಡಿಯ ಮೇಲಿನಿಂದ ದನಿ ಕೇಳಿಸಿತು: "ದುಕೂಲಾ, ಚಪ್ಪಲಿ ಬಿಡು. ಬಿಡು ಅಂದ್ನಲ್ಲ." ಮೆಟ್ಟಿಲು ಹತ್ತಿ ನೋಡಿದರೆ ನಾಯಿಮರಿ. ನಾಯಿ ಲೆಕ್ಕಕ್ಕಿಲ್ಲವೆಂದು ಸಮಾಧಾನ ಮಾಡಿಕೊಂಡು ಪಾರ್ಕಿಗೆ ಹೋದೆ. ಅಲ್ಲಿ ತಾಯಿಯೊಬ್ಬಳು ತಳ್ಳುಗಾಡಿಯಲ್ಲಿ ಮಗುವನ್ನು ಸುತ್ತಾಡಿಸುತ್ತಿದ್ದಳು. ಬೆನ್ನು ಬಾಗಿಸಿ, "ಹೆಸರೇನಮ್ಮ ಕಂದನದು?" ಎಂದೆ.

"ದುಕೂಲ. ನಮ್ಮ ವಾರ್ಡ್ ಸಿಸ್ಟರ್ ಹೇಳಿದ್ರು. ಈಗ ಎಲ್ರೂ ಇದನ್ನೇ ಇಡ್ತಾ ಇರೋದಂತೆ ಅಜ್ಜ."

ಬಾಗಿದ ಬೆನ್ನನ್ನು ನೆಟ್ಟಗೆ ಮಾಡಲು ಬಹಳ ಹೊತ್ತು ಬೇಕಾಯಿತು.

ಮನೆಯಲ್ಲಿ ಬಾಯಿ ಬಿಡಲಿಲ್ಲ. ತಡಮಾಡಿದಷ್ಟೂ ಕೇಡೆಂದು ಮರುದಿನವೇ ಎಲ್ಲರನ್ನೂ ಜನನ ನೋಂದಣಿ ಕಚೇರಿಗೆ ಹೊರಡಿಸಿದೆ. ಗಾಜಿನಾಚೆಯ ಗುಮಾಸ್ತ ತಲೆಯೆತ್ತದೆ, "ಮಗು ಹೆಸರು?" ಎಂದ.

"ದುಕೂಲ," ಎಂದೆ, ಆದಷ್ಟು ಮೆತ್ತಗೆ.

ಅವನು ಪೆನ್ನು ಕೆಳಗಿಟ್ಟು ಪಕ್ಕದ ಮೇಜಿಗೆ ಕೂಗಿ ಹೇಳಿದ: "ನೋಡ್ರೀ, ಇನ್ನೊಂದು ಬಂತು." ಆಮೇಲೆ ನನ್ನ ಕಡೆ ತಿರುಗಿ, "ಯಜಮಾನ್ರೇ, ಏನು ಕೆಲಸದಲ್ಲಿದ್ರಿ?" ಎಂದ.

"ಮೇಷ್ಟ್ರಾಗಿದ್ದೆ."

"ಮೇಷ್ಟ್ರಾಗಿ ನೀವೂ ಪಕ್ಕದವರದ್ದು ನೋಡಿ ಬರೆಯೋದಾ?"

ಪರೀಕ್ಷೆಯ ಕೊಠಡಿಗಳಲ್ಲಿ ಹದ್ದಿನಂತೆ ಸುತ್ತಿ, ಅಂಗಿ ತೋಳಿನೊಳಗೆ ಅಡಗಿಸಿದ ಚೀಟಿಗಳನ್ನು ಎಳೆದು ತೆಗೆದವನು ನಾನು. ಮೈಯೆಲ್ಲ ಉರಿಯಿತು. "ಸ್ವಾಮಿ, ಈ ಹೆಸರನ್ನು ಹುಡುಕಿದವನೇ ನಾನು," ಎಂದೆ.

"ಎಲ್ಲರೂ ಹಾಗೇ ಹೇಳ್ತಾರೆ. ಹುಡುಕಿದ್ದು ಒಬ್ಬ ಟೈಲರ್ ಅಂತೆ. ಅಗೋ, ಅಲ್ಲೇ ಕೂತಿದ್ದಾರೆ ನೋಡಿ."

ಬೆಂಚಿನ ಮೇಲೆ ನಮ್ಮ ಬೀದಿಯ ಟೈಲರ್ ವಿರಾಜಮಾನನಾಗಿದ್ದ. ಸುತ್ತಲೂ ಕೂಸುಗಳನ್ನೆತ್ತಿಕೊಂಡ ತಾಯಿತಂದೆಯರು. ಅವನು ಎರಡು ಬೆರಳಲ್ಲಿ ಇಲ್ಲದ ಬಟ್ಟೆಯೊಂದನ್ನು ಎತ್ತಿ ಗಾಳಿಯಲ್ಲಿ ತೇಲಿಬಿಡುತ್ತ, "ಒಂದು ಥಾನು ಬಟ್ಟೆ ಪೂರ್ತಿ ಸೂಜಿ ಕಣ್ಣಲ್ಲಿ ತೂರುತ್ತೆ. ಇಸ್ತ್ರಿ ಬೇಕಾಗಿಲ್ಲ," ಎನ್ನುತ್ತಿದ್ದ. (ಇಸ್ತ್ರಿಯ ವಿಷಯ ಅವನ ಸ್ವಂತದ್ದು.) ನನ್ನನ್ನು ಕಂಡು ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಾಡಲಿಲ್ಲ. "ಬನ್ನಿ ಮೇಷ್ಟ್ರೇ, ಕೂತ್ಕೊಳ್ಳಿ. ನಿಮಗೂ ಹೇಳ್ತೀನಿ," ಎಂದು ಜಾಗ ಮಾಡಿಕೊಟ್ಟ.

ಅಷ್ಟರಲ್ಲಿ ಮೂಲೆಯಲ್ಲಿ ಯಾರೋ, "ದುಕೂಲಾ, ಅಳಬೇಡ ಬಂಗಾರಿ" ಎಂದರು. ಮೂರು ಜನ ತಾಯಂದಿರು ತಿರುಗಿ ನೋಡಿದರು. ನಾಲ್ಕನೆಯವಳು ನನ್ನ ಸೊಸೆ.

ಅವಳು ಮಗುವಿನ ತಲೆಯ ಮೇಲೆ ಟೋಪಿ ಸರಿಮಾಡಿ, ಹೊರಗೆ ನಡೆದುಬಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ರಾತ್ರಿ ನನಗೆ ಊಟ ಸೇರಲಿಲ್ಲ. ಬೆಳಗಾಗುತ್ತಲೇ ಎದ್ದು ನಿಘಂಟಿನಿಂದ ಇನ್ನೊಂದು ಹೆಸರು ತೆಗೆದೆ. ಹಿಂದಿನದಕ್ಕಿಂತ ಅಪರೂಪದ್ದು. ಈ ಸಲ ಇನ್ನೂ ಕಟ್ಟುನಿಟ್ಟಾಗಿ ವಿಚಾರಿಸಬೇಕೆಂದು ಬಾಗಿಲಿಗೆ ಬಂದರೆ ಚಪ್ಪಲಿ ಇಲ್ಲ.

"ನನ್ನ ಚಪ್ಪಲಿ ಎಲ್ಲೇ?"

"ಎತ್ತಿಟ್ಟಿದ್ದೀನಿ," ಎಂದಳು ಹೆಂಡತಿ. "ನೀವು ಎಲ್ಲಿಗೂ ಹೋಗೋದು ಬೇಡ."

ಸಂಜೆ ಮಗ ಮತ್ತು ಸೊಸೆ ಹೊರಗಿನಿಂದ ಬಂದರು. ಸೊಸೆ ನಗುನಗುತ್ತಲೇ, "ಮಾವ, ಹೆಸರು ಆಯ್ತು. ನೋಂದಣಿನೂ ಮಾಡಿಸಿ ಬಂದ್ವಿ," ಎಂದಳು. ನನ್ನ ಎದೆಯ ಮೇಲಿನ ಬಂಡೆ ಇಳಿಯಿತು.

"ಒಳ್ಳೇದಾಯ್ತಮ್ಮ. ಏನು ಹೆಸರು?"

ಮೂವರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು.

"ಅಪ್ಪ, ಆಮೇಲೆ ಹೇಳ್ತೀವಿ," ಎಂದ ಮಗ.

"ಆಮೇಲೆ ಅಂದರೆ ಯಾವಾಗ?"

"ಆ ವಾರ್ಡಿನ ಮಕ್ಕಳಿಗೆಲ್ಲ ಹೆಸರಾಗ್ಲಿ," ಎಂದಳು ಹೆಂಡತಿ. "ಮಹಡಿ ಮೇಲಿನವಳೂ ಈಗ ಬಸುರಿ. ಅವಳದ್ದೂ ಆಗಿಬಿಡ್ಲಿ."

"ಮೊದಲನೆಯ ಅಕ್ಷರವನ್ನಾದರೂ ಹೇಳಿ."

"ಅಷ್ಟು ಸಿಕ್ಕಿದ್ರೆ ನಿಘಂಟು ತೆಗೀತೀರಿ ಮಾವ," ಎಂದಳು ಸೊಸೆ, ಬಹಳ ಪ್ರೀತಿಯಿಂದ.

ಅಂದಿನಿಂದ ನಮ್ಮ ಮನೆಯಲ್ಲಿ ಆ ಹೆಸರು ನಾನಿಲ್ಲದ ಕೋಣೆಗಳಲ್ಲಿ ಮಾತ್ರ ಓಡಾಡುತ್ತದೆ. ನಾನು ಕೆಮ್ಮಿ ಒಳಗೆ ಕಾಲಿಟ್ಟರೆ ಅದು ಇನ್ನೊಂದು ಬಾಗಿಲಿನಿಂದ ಹೊರಗೆ ಹೋಗಿರುತ್ತದೆ. ಮೊನ್ನೆ ಕದದ ಸಂದಿಯಿಂದ ಇಣುಕಿದೆ. ಹೆಂಡತಿ ಏನೋ ಪಿಸುಗುಟ್ಟಿದಳು. ಮಗು ಥಟ್ಟನೆ ಅವಳ ಕಡೆ ನೋಡಿ ಬೊಚ್ಚುಬಾಯಿ ತೆರೆದು ನಕ್ಕಿತು. ಅದಕ್ಕೂ ತನ್ನ ಹೆಸರು ಗೊತ್ತು.

ನಿನ್ನೆ ಚಪ್ಪಲಿ ಮರಳಿ ಸಿಕ್ಕಿತು. ಬೀದಿಗೆ ಇಳಿಯುತ್ತಿದ್ದಂತೆ ಟೈಲರ್ ಅಂಗಡಿಯಿಂದ ಕತ್ತು ಹೊರಗೆ ಹಾಕಿದ.

"ಮೇಷ್ಟ್ರೇ, ನಿಮ್ಮ ಮೊಮ್ಮಗಳಿಗೆ ಏನು ಹೆಸರಿಟ್ರಿ?"

"ಗೊತ್ತಿಲ್ಲಪ್ಪ," ಎಂದೆ.

ಅವನು ಕೊರಳಿನ ಅಳತೆ ಟೇಪನ್ನು ತೆಗೆದು ಪಕ್ಕಕ್ಕಿಟ್ಟ. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಕನಿಕರದಿಂದ ನೋಡಿದ.

"ಇನ್ನೂ ಸಿಕ್ಕಿಲ್ವಾ? ಪಾಪ. ಅದಕ್ಯಾಕೆ ಕೊರಗ್ತೀರಿ, ಬನ್ನಿ ಕೂತ್ಕೊಳ್ಳಿ. ನಾನೊಂದು ಹುಡುಕಿ ಕೊಡ್ತೀನಿ."